ಮೋಡದ ರಾಜಕುಮಾರನೂ ದನದ ಡಾಕ್ಟರೂ

ಹಗುರವಾದ ಪ್ರೇಮಕಥೆ ಓದುವವರಲ್ಲಿ ಎರಡು ಬಗೆ: ಓದುತ್ತೇವೆಂದು ಒಪ್ಪಿಕೊಳ್ಳುವವರು ಮತ್ತು ಕನ್ನಡ ಉಪನ್ಯಾಸಕರು. ನಾನು ಇಂಡಿ ಎಂಬ ಊರಿನ ಕಾಲೇಜಿನಲ್ಲಿ ಹಳಗನ್ನಡ ಪಾಠ ಮಾಡುವವಳು. ಅಂಥವಳ ಕೈಯಲ್ಲಿ ಪ್ರೇಮಕಥೆ ಕಂಡರೆ ಊರವರು ಏನಂದಾರು ಎಂಬ ಅಂಜಿಕೆಗೆ, ಬಸ್ಸಿನಲ್ಲೂ ದಪ್ಪನೆಯ ವಿಮರ್ಶೆಯ ಪುಸ್ತಕವನ್ನೇ ತೊಡೆಯ ಮೇಲಿಟ್ಟುಕೊಂಡು ನಿದ್ದೆ ಮಾಡುತ್ತಿದ್ದೆ.

ಇಂಥ ನನ್ನನ್ನು ಕೆಡಿಸಿದವಳು ಅಕ್ಕನ ಮಗಳು ಸುಜಾತಾ. ಆಗ ನಮ್ಮೂರಿಗೆ ಸೈಬರ್ ಕೆಫೆ ಬಂದ ಹೊಸತು. ಬಿ.ಎ. ಮುಗಿಸಿದ್ದ ಹುಡುಗಿ ಕಂಪ್ಯೂಟರ್ ಕಲಿಯುತ್ತೇನೆಂದು ಅಲ್ಲಿಗೆ ಹೋಗಿ, ಯಾರೋ ಅಂತರ್ಜಾಲದಲ್ಲಿ ವಾರವಾರ ಬರೆಯುತ್ತಿದ್ದ ಕನ್ನಡ ಕಾದಂಬರಿಯೊಂದಕ್ಕೆ ಅಂಟಿಕೊಂಡಿದ್ದಳು. ಅಷ್ಟರಲ್ಲಿ ಮುದ್ದೇಬಿಹಾಳದ ದನದ ಡಾಕ್ಟರೊಬ್ಬರ ಸಂಬಂಧ ಬಂತು. “ವಿಚಾರ ಮಾಡಿ ಹೇಳ್ತೇನಿ” ಎಂದು ಸುಜಾತಾ ಕೆಫೆಗೆ ಹೊರಟಳು. ಅಕ್ಕ ದಿಗಿಲುಬಿದ್ದು ನನ್ನ ಮನೆಗೆ ಓಡಿಬಂದಳು.

“ಅದ್ಯಾವನೋ ರಾಜಕುಮಾರನ ಕಥಿ ಓದಿ ಆಕಿ ತಲಿ ಕೆಟ್ಟೈತಿ. ನೀ ಕನ್ನಡಾ ಕಲಸಾಕಿ. ನೀನೂ ಓದು, ಅದರಾಗ ಏನೇನ ತಪ್ಪದಾವ ಆಕಿಗೆ ತಿಳಿಸಿ ಹೇಳು.”

ತಪ್ಪು ಹುಡುಕುವುದು ನನ್ನ ವೃತ್ತಿ. ಮರುದಿನವೇ ಹೋದೆ. ಕೆಫೆಯ ಸಲೀಂ ನನ್ನ ಹಳೆಯ ವಿದ್ಯಾರ್ಥಿ. ಅವನು ಕೇಳುವ ಮೊದಲೇ, “ನಮ್ಮ ಹುಡಗೀನ ತಿದ್ದಬೇಕಾಗೇತಪಾ, ಅದಕ್ಕ ಬಂದೇನಿ” ಎಂದು ಹೇಳಿ ಮೂಲೆಯ ಕುರ್ಚಿ ಹಿಡಿದೆ.

ಬಸ್ಸಿನಲ್ಲಿ ಕಣ್ಣು ಮುಚ್ಚಿದ ಟೈಪಿಸ್ಟ್ ಹುಡುಗಿಯೊಬ್ಬಳು ಕಣ್ಣು ಬಿಟ್ಟರೆ ಮೋಡದ ಮೇಲಿನ ಅರಮನೆ, ಎದುರಿಗೆ ರಾಜಕುಮಾರ. ಕಥೆ ಇಷ್ಟೇ. ತಪ್ಪುಗಳಿಗೇನೂ ಬರವಿರಲಿಲ್ಲ. ರಾಜಕುಮಾರನಿಗೆ ಪ್ರೀತಿಸುವುದು ಬಿಟ್ಟರೆ ಬೇರೆ ಉದ್ಯೋಗವಿಲ್ಲ. ಅರಮನೆಯಲ್ಲಿ ಯಾರೂ ಒಲೆ ಹಚ್ಚುವುದಿಲ್ಲ, ಆದರೂ ಊಟ ತಡವಾಗುವುದಿಲ್ಲ. ನಾಯಕಿ ಅಧ್ಯಾಯಕ್ಕೊಮ್ಮೆ ಮೂರ್ಛೆ ಹೋಗುತ್ತಾಳೆ, ಒಮ್ಮೆಯೂ ನೆಲಕ್ಕೆ ಬೀಳುವುದಿಲ್ಲ. ಖಳನಾಯಕ ಗದರಿಸಿದ ಮರುಕ್ಷಣವೇ ಅವನ ಬಾಲ್ಯದ ದುಃಖ ಹೊರಬಿದ್ದು ಒಳ್ಳೆಯವನಾಗಿಬಿಡುತ್ತಾನೆ. ವ್ಯಾಕರಣದ ಮಾತಂತೂ ಬೇಡ.

ಹೀಗೆ ಮೂಗು ಮುರಿಯುತ್ತಲೇ ಓದುತ್ತಿದ್ದೆ. ನಾಯಕಿಯ ಬೆರಳು ತಣ್ಣಗಿರುವುದನ್ನು ಕಂಡ ರಾಜಕುಮಾರ, ಸೂರ್ಯನನ್ನು ಕರೆದು ಸ್ವಲ್ಪ ಹತ್ತಿರ ಸರಿಯಲು ಹೇಳಿದ. ಅದೇ ಹೊತ್ತಿಗೆ ಕರೆಂಟ್ ಹೋಯಿತು. “ಅಯ್ಯೋ!” ಎಂದು ಕತ್ತಲಲ್ಲಿ ಯಾರೋ ಚೀರಿದರು. ನಾನೇ.

ನನಗಾದದ್ದೇನು? ಕಾಲೇಜಿನಲ್ಲಿ ಫ್ಯಾನಿನ ಕೆಳಗಿನ ಕುರ್ಚಿಗಾಗಿ ಜಗಳ, ಹಾದಿಯಲ್ಲಿ ಕಬ್ಬಿನ ಲಾರಿಗಳ ಧೂಳು, ಮನೆಯಲ್ಲಿ ಉತ್ತರ ಪತ್ರಿಕೆಗಳ ರಾಶಿ. ಆ ಮೋಡದ ರಾಜ್ಯದಲ್ಲಿ ಮಾತ್ರ ಕೊನೆಗೆ ಎಲ್ಲ ಸರಿಹೋಗುತ್ತದೆಂದು ಮೊದಲೇ ಗೊತ್ತು. ನಾನು ಪಾಠ ಮಾಡುವ ಘನವಾದ ಕೃತಿಗಳಲ್ಲಿ ಮೊದಲ ಪುಟದಲ್ಲಿ ಕೆಮ್ಮಿದವನು ಕೊನೆಯ ಪುಟದವರೆಗೆ ಉಳಿಯುವ ಭರವಸೆಯಿಲ್ಲ. ಅಂತೂ ಸುಜಾತಾಳನ್ನು ತಿದ್ದುವ ಕೆಲಸ ಹಿಂದೆ ಬಿತ್ತು. ಅವಳಿಗಿಂತ ಎರಡು ಅಧ್ಯಾಯ ನಾನೇ ಮುಂದಿದ್ದೆ.

ಹೆಣ್ಣು ನೋಡುವ ದಿನ ಡಾಕ್ಟರು ತಡವಾಗಿ ಬಂದರು. ತೋಳು ಮಡಚಿದ ಅಂಗಿ, ಅದರ ಮೇಲೆ ಎಂಥದೋ ಕಲೆ, ಜೊತೆಗೆ ಫಿನಾಯಿಲ್ ವಾಸನೆ.

“ಗೊಳಸಂಗಿ ಹತ್ರ ಒಂದ ಎಮ್ಮಿ ಈಯಾಕ ಭಾಳ ತ್ರಾಸ ಮಾಡ್ಕೊಂಡಿತ್ರಿ. ಬಿಟ್ಟು ಬರಾಕ ಆಗಲಿಲ್ಲ. ತಪ್ಪ ತಿಳ್ಕೋಬ್ಯಾಡ್ರಿ” ಎಂದು ಚಾಪೆ ನೋಡುತ್ತ ಕುಳಿತರು. ರಾಜಕುಮಾರನನ್ನು ಕಂಡು ಬಂದಿದ್ದ ನನಗೆ ಸಮಾಧಾನವಾಗಲಿಲ್ಲ.

“ಸೂರ್ಯಾಸ್ತ ನಿಮಗ ಹಿಡಸ್ತೈತೇನ್ರಿ?” ಎಂದು ಕೇಳಿಯೇಬಿಟ್ಟೆ. ಅಕ್ಕ ನನ್ನನ್ನು ದುರುಗುಟ್ಟಿ ನೋಡಿದಳು.

“ಹಿಡಸ್ತೈತ್ರಿ” ಎಂದರು ಡಾಕ್ಟರು. “ಆಮ್ಯಾಲ ಕೇಸ್ ಕಡಿಮಿ ಬರ್ತಾವ.”

ಸುಜಾತಾ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಆಮೇಲೆ ಮೆಲ್ಲಗೆ, “ಕರಾ ಉಳೀತೇನ್ರಿ?” ಎಂದಳು. ಡಾಕ್ಟರು ಮೊದಲ ಸಲ ಮುಖವೆತ್ತಿದರು.

“ಉಳೀತ್ರಿ! ತಾಯೀನೂ ಎದ್ದು ನಿಂತಾಳ.”

“ಮದಿವಿ ಆದ ಮ್ಯಾಲ ನಾ ಎಂ.ಎ. ಮಾಡಬೇಕಂತ ಮಾಡೇನ್ರಿ.”

“ಮಾಡ್ರಿ. ನಾ ಮನ್ಯಾಗ ಇರೋದೇ ಕಡಿಮಿ. ಮನಿಯಾಗ ಒಬ್ರರೆ ಓದಬೇಕಲ್ಲ.”

ಅಡುಗೆಮನೆಗೆ ಬಂದವಳೇ ಸುಜಾತಾ “ಹೂಂ” ಅಂದಳು. ನಾನು ಅವಳ ಕೈ ಹಿಡಿದು, “ಅವಸರ ಮಾಡಬ್ಯಾಡ. ಒಂದ ಸವಿ ಮಾತರೆ ಆಡಿದ್ರೇನ ಅವರು?” ಎಂದೆ.

ಅವಳು ನನ್ನನ್ನು ಕನಿಕರದಿಂದ ನೋಡಿದಳು. “ಮೌಶಿ, ಕಥಿ ಓದಾಕ ಚಲೋ. ನಾ ವಿಚಾರ ಮಾಡಾಕತ್ತಿದ್ದು ಎಂ.ಎ. ಬಗ್ಗೆ. ನೀ ಯಾಕ ಅಳಾಕತ್ತೀ?”

“ಉಳ್ಳಾಗಡ್ಡಿ” ಎಂದೆ. ಆ ಹೊತ್ತು ಅಡುಗೆಮನೆಯಲ್ಲಿ ಯಾರೂ ಉಳ್ಳಾಗಡ್ಡಿ ಹೆಚ್ಚುತ್ತಿರಲಿಲ್ಲ.

ಮದುವೆಯಾಯಿತು. ಸುಜಾತಾ ಮುದ್ದೇಬಿಹಾಳಕ್ಕೆ ಹೋದಳು, ಎಂ.ಎ.ಗೂ ಕಟ್ಟಿದಳು, ರಾಜಕುಮಾರನನ್ನು ಪೂರ್ತಿ ಮರೆತಳು. ಮುಂದಿನ ವಾರ ನಾನು ಕೆಫೆಯ ಮೂಲೆಯ ಕುರ್ಚಿಯಲ್ಲಿ ಕೂರುತ್ತಿದ್ದಂತೆ ಸಲೀಂ ವಿನಯದಿಂದ ಕೇಳಿದ: “ಮೇಡಂ, ಹುಡಗೀದು ಮದಿವಿ ಆತಲ್ರಿ. ಇನ್ನ ಯಾರನ್ನ ತಿದ್ದಾಕ ಬಂದೀರಿ?”

“ನಮ್ಮ ನಾದಿನಿ ಮಗಳೊಬ್ಬಾಕಿ ಅದಾಳಪಾ.”

“ಹೌದ್ರಿ? ಏನ ಓದಾಕತ್ತಾಳ್ರಿ?”

“ಅಂಗನವಾಡಿ” ಎಂದು ಹೇಳಿ, ಹೊಸ ಅಧ್ಯಾಯ ತೆರೆದೆ.