ಮಾವನ ಲಾರಿಗೆ ಹತ್ತಿದ ದಮ್ಮು

ನಮ್ಮ ಸೋದರಮಾವನಷ್ಟು ಜಿಪುಣ ಇಡೀ ಬಳ್ಳಾರಿ ಜಿಲ್ಲೆಯಲ್ಲಿ ಇನ್ನೊಬ್ಬನಿದ್ದರೆ ತೋರಿಸಿ, ನಾನೇ ಹೋಗಿ ಅವನಿಗೆ ಶಾಲು ಹೊದಿಸಿ ಬರುತ್ತೇನೆ! ಕುರುಗೋಡಿನಲ್ಲಿ ತನ್ನ ಓಣಿಯ ತಿರುವು ಬಂದ ಕೂಡಲೇ ಈ ಮಹಾಶಯ ಲಾರಿಯ ಇಂಜಿನ್ ಬಂದ್ ಮಾಡುತ್ತಾನೆ. ಅಲ್ಲಿಂದ ಮನೆಯವರೆಗೆ ಇಳಿಜಾರು. ಖಾಲಿ ಲಾರಿ ಕಳ್ಳನ ಹಾಗೆ ಸದ್ದಿಲ್ಲದೆ ಉರುಳುತ್ತದೆ. ಇಂಜಿನ್ ಇಲ್ಲದೆ ಸ್ಟೇರಿಂಗ್ ತಿರುಗಬೇಕಲ್ಲ? ಮಾವ ಸೀಟಿನಿಂದ ಅರ್ಧ ಎದ್ದು, ಹಲ್ಲು ಕಚ್ಚಿ, ಅದರ ಜೊತೆ ಕುಸ್ತಿಗೆ ಬೀಳುತ್ತಾನೆ. ಓಣಿಯ ಎಮ್ಮೆಗಳು ತಿರುಗಿ ನೋಡುವಷ್ಟರಲ್ಲಿ ಲಾರಿ ಅವುಗಳ ಬಾಲದ ಹತ್ತಿರ! ಒಂದು ಲೋಟ ಡೀಸೆಲ್ಲಿಗೆ ಇಷ್ಟೆಲ್ಲ ಸರ್ಕಸ್ಸೇ?

ಅಂಥವನ ಲಾರಿಗೆ ಈ ಸುಗ್ಗಿಯಲ್ಲಿ ದಮ್ಮು ಹತ್ತಿತು. ಬಾದನಹಟ್ಟಿ ಕಡೆಯ ಭತ್ತ ತುಂಬಿಕೊಂಡು ಸಿರುಗುಪ್ಪದ ಮಿಲ್ಲಿಗೆ ಹೊಡೆಯುವುದೇ ಮಾವನ ಹೊಟ್ಟೆಪಾಡು. ಸುಗ್ಗಿಯಲ್ಲಿ ಲಾರಿ ಮಲಗಿದರೆ ಬಾಡಿಗೆಯೆಲ್ಲ ಬೇರೆಯವರ ಪಾಲು, ಮಾವನ ವರ್ಷವೂ ಅಲ್ಲಿಗೇ ಮಲಗಿದಂತೆ. ಲೋಡು ಏರಿದರೆ ಎಳೆಯುವ ಕಸುವಿಲ್ಲ, ಹಿಂದೆ ನೀಲಿ ಹೊಗೆ, ಮುಂದೆ ಕುಂಯ್ ಎನ್ನುವ ಶಿಳ್ಳೆ.

ಮಾವ ತಾನೇ ಡಾಕ್ಟರಾದ. ಸೈಲೆನ್ಸರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಹೊಗೆ ಮೂಸಿ, "ಬಂಕಿನಾಂವ ಡೀಸೆಲ್‌ನ್ಯಾಗ ಏನೋ ಬೆರಸ್ಯಾನ" ಎಂದ. ಏರ್ ಫಿಲ್ಟರ್ ಬಿಚ್ಚಿ ಕಲ್ಲಿಗೆ ಕುಟ್ಟಿ ಧೂಳು ಕೊಡವಿದ. ಅದಕ್ಕೂ ಬಗ್ಗದಿದ್ದಾಗ, "ದೃಷ್ಟಿ ಆಗೈತಿ" ಎಂದು ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ. ಮರುದಿನ ಏರಿನಲ್ಲಿ ಹುಲ್ಲು ಹೇರಿದ ಟ್ರ್ಯಾಕ್ಟರೊಂದು ಅವನನ್ನು ಹಿಂದೆ ಹಾಕಿತು! ಅದರ ಮೇಲಿದ್ದವನು, "ಯಜಮಾನ್ರ, ಹಗ್ಗ ಕೊಡಲೇನ್ರಿ?" ಎಂದು ಕೂಗಿದನಂತೆ. ಇದನ್ನು ಫೋನಿನಲ್ಲಿ ನನಗೆ ಹೇಳಿದ್ದು ಅತ್ತೆ, ನಗು ತಡೆಯಲಾರದೆ. ಅರೆತಲೆನೋವಿನ ಅತ್ತೆ ನಗುವುದೇ ಅಪರೂಪ.

ಮಾನ ಹೋದ ಮೇಲೆ ಮಾವ ಬಳ್ಳಾರಿಗೆ ಬಂದ. ಕೌಲ್ ಬಜಾರಿನ ಗ್ಯಾರೇಜಿಗೆ ನಾನೂ ಜೊತೆಗೆ ಹೋದೆ, ಇಂಥ ತಮಾಷೆ ಬಿಡಲುಂಟೇ? ಮೇಸ್ತ್ರಿ ಟರ್ಬೊದ ಪೈಪು ಬಿಚ್ಚಿ ಬೆರಳಾಡಿಸಿದ. ಬೆರಳಿಗೆಲ್ಲ ಎಣ್ಣೆ. ಟರ್ಬೊ ಎಂದರೆ ಇಂಜಿನ್ನಿಗೆ ಗಾಳಿ ಊದುವ ಪುಟ್ಟ ಫ್ಯಾನು. ಅದರ ನಡುವಿನ ಶಾಫ್ಟನ್ನು ಹಿಡಿದು ಅಲ್ಲಾಡಿಸಿದ.

"ಇದೇನ್ರಿ ಯಜಮಾನ್ರ, ಅಜ್ಜನ ಹಲ್ಲು ಅಳ್ಳಾಡಿದಂಗ ಅಳ್ಳಾಡತೈತಿ! ಬ್ಲೇಡು ಗ್ವಾಡಿಗೆ ತಿಕ್ಕ್ಯಾವ. ಬೇರಿಂಗ್ ಖಲಾಸ್."

"ಹಂಗಾದ್ರ ಡೀಸೆಲ್ದು ತಪ್ಪಿಲ್ಲೇನು?"

"ಡೀಸೆಲ್ ಪಾಪ ಏನ್ ಮಾಡೈತ್ರಿ? ಕಾದ ಇಂಜಿನ್ನ ಗಪ್ಪಂತ ಬಂದ್ ಮಾಡೋ ಚಟ ಐತೇನ್ರಿ ನಿಮಗ? ಟರ್ಬೊ ಇನ್ನೂ ತಿರುಗತಿರತೈತಿ, ಆಯಿಲ್ ನಿಂತಬಿಡತೈತಿ. ಬೇರಿಂಗ್ ಒಣಗಿ ಸುಡತೈತಿ."

ಮಾವ ಬಗ್ಗಿ ಟೈರು ನೋಡತೊಡಗಿದ. ನಾನು ಬಿಡುತ್ತೇನೆಯೇ? "ಐತ್ರಿ, ಓಣಿ ತಿರುವಿನ್ಯಾಗ ದಿನಾ ಇದ ಕೆಲಸ!" ಎಂದು ಚಾಡಿ ಹೇಳಿಬಿಟ್ಟೆ.

ಮೇಸ್ತ್ರಿ ಹೊಸ ಶಾಫ್ಟು, ಬೇರಿಂಗು ಕೂರಿಸಿ, ಕರಿಗಟ್ಟಿದ ಆಯಿಲ್ ಪೈಪು ತೊಳೆದು, ಇಂಜಿನ್ ಆಯಿಲ್ ಬದಲಿಸಿ, ಚಾಲೂ ಮಾಡುವ ಮೊದಲು ಟರ್ಬೊಗೂ ಒಂದಿಷ್ಟು ಎಣ್ಣೆ ಕುಡಿಸಿದ. ಶಿಳ್ಳೆ ನಿಂತಿತ್ತು. "ಇನ್ಮ್ಯಾಲ ಮನಿ ಮುಟ್ಟಿದ ಮ್ಯಾಲ ಸ್ವಲ್ಪ ಹೊತ್ತು ಹಂಗ ಚಾಲೂ ಇಟ್ಟು ಆಮ್ಯಾಲ ಬಂದ್ ಮಾಡ್ರಿ. ಇಲ್ಲಾಂದ್ರ ಮುಂದಿನ ಸಲ ಇಂಜಿನ್ನ ಹೋಗತೈತಿ" ಎಂದ.

ಅದೇ ಮಧ್ಯಾಹ್ನ ಮಾವನ ಜೊತೆ ಕುರುಗೋಡಿಗೆ ಹೊರಟೆ. ಏರಿನಲ್ಲಿ ಲಾರಿ ಓಡಿದ ಓಟಕ್ಕೆ ಮಾವ ಟ್ರ್ಯಾಕ್ಟರುಗಳನ್ನೇ ಹುಡುಕುತ್ತಿದ್ದ! ಓಣಿಯ ತಿರುವು ಬಂತು. ಅವನ ಕೈ ಕೀಲಿಗೆ ಹೋಯಿತು.

"ಮಾವ! ಇನ್ನೂ ಎಷ್ಟು ಜಿಪುಣತನ?"

ಮಾವ ಲಾರಿ ನಿಲ್ಲಿಸಿದ, ಇಂಜಿನ್ ಮಾತ್ರ ನಿಲ್ಲಿಸಲಿಲ್ಲ. "ಡೀಸೆಲ್ಲಿಗೆ ಯಾಂವ ಮಾಡ್ತಾನಲೇ? ನಿಮ್ಮತ್ತಿ ಈ ಹೊತ್ತಿನ್ಯಾಗ ತಲಿಗೆ ಅರಿವಿ ಬಿಗಿದು ಮಕ್ಕೊಂಡಿರತಾಳ. ಈ ದೆವ್ವದ ಸದ್ದಿಗೆ ಎಚ್ಚರಾದ್ರ ಆಕಿ ತಲಿನೋವು ಇಳಿಯೂದಿಲ್ಲ."

ಮೇಸ್ತ್ರಿ ಹೇಳಿದಷ್ಟು ಹೊತ್ತು ಮಾವ ತಿರುವಿನಲ್ಲೇ ಕಾದು, ಇಂಜಿನ್ ಬಂದ್ ಮಾಡಿ, ಮತ್ತೆ ಕುಸ್ತಿ ಹಿಡಿದು ಲಾರಿಯನ್ನು ಮನೆ ಮುಂದೆ ಉರುಳಿಸಿದ.

ಅತ್ತೆ ಮಲಗಿರಲಿಲ್ಲ. ತಲೆಗೆ ಬಟ್ಟೆ ಕಟ್ಟಿಕೊಂಡು ಹೊಸ್ತಿಲ ಮೇಲೆ ಕೂತಿದ್ದಳು.

"ಮಕ್ಕೊಳ್ಳಾಕ ಏನಾಗಿತ್ತು ನಿನಗ?" ಎಂದ ಮಾವ.

"ಹೆಂಗ ಮಕ್ಕೊಳ್ಳಿ? ಊರಾನ ಲಾರಿ ಸದ್ದೆಲ್ಲಾ ಕೇಳತಾವ, ನಿಮ್ಮದೊಂದು ಕೇಳೂದಿಲ್ಲ. ಬಂದ್ರೋ, ಎಲ್ಲ್ಯರ ಬಿದ್ರೋ ಅಂತ ದಿನಾ ಬಾಗಲಾ ಕಾಯತೀನಿ. ನನ್ನ ತಲಿ ನಿಮ್ಮ ಲಾರಿ ಸದ್ದಿಗೆ ನೋಯೂದಿಲ್ಲ, ಸದ್ದು ಬರಲಿಲ್ಲಂದ್ರ ನೋಯತೈತಿ."

ಅತ್ತೆ ಕೊಟ್ಟ ನೀರನ್ನೂ ಕುಡಿಯದೆ ಮಾವ ಹೊರಗೆ ಹೋಗಿ ಲಾರಿ ಚಾಲೂ ಮಾಡಿದ. ಪಾತ್ರೆಗಳು ಗಡಗಡ ಅಂದವು, ಎದುರು ಮನೆಯಾಕೆ ಕಿವಿ ಮುಚ್ಚಿಕೊಂಡು ಬೈದಳು. ಒಳಗೆ ಅತ್ತೆ ಗೋಡೆಯತ್ತ ತಿರುಗಿ ಮಲಗಿ ಹಾಗೇ ನಿದ್ದೆ ಹೋದಳು. ಕಿಟಕಿಯಿಂದ ಮಾವ ಅದನ್ನು ನೋಡಿದ. ಮೇಸ್ತ್ರಿ ಹೇಳಿದ ಹೊತ್ತು ಯಾವಾಗಲೋ ಕಳೆದಿತ್ತು. ಜಿಲ್ಲೆಗೇ ದೊಡ್ಡ ಜಿಪುಣನಾದ ನಮ್ಮ ಮಾವ ಮಾತ್ರ, ಅತ್ತೆ ಏಳುವ ತನಕ ಇಂಜಿನ್ ಬಂದ್ ಮಾಡಲಿಲ್ಲ.