ಮೀನಿನ ಚಾನೆಲ್

ಹನ್ನೆರಡು ವರ್ಷ ಸಂಸಾರ ಮಾಡಿ ಕಂಬಣ್ಣ ಕಲಿತಿದ್ದು ಒಂದೇ ವಿದ್ಯೆ. ಹೆಂಡತಿ "ಬೇಡ ಬಿಡಿ" ಅಂದರೆ ಬೇಕೇ ಬೇಕು.

ಇದೇನು ಪುಕ್ಕಟೆ ಬಂದ ವಿದ್ಯೆಯಲ್ಲ. ಮದುವೆಯಾದ ಹೊಸದರಲ್ಲಿ ಅವಳು ಕಿಟಕಿಗೆ ಹೊಸ ಪರದೆ ಬೇಡ ಬಿಡಿ ಅಂದಳು. ಇವನು ಬಿಟ್ಟ. ಎಂಟು ದಿನ ಮನೆಯಲ್ಲಿ ಪಾತ್ರೆಗಳು ಮಾತ್ರ ಮಾತಾಡಿದವು. ಆಮೇಲೆ ಹೊಲಿಗೆ ಮಿಷನ್ನಿಗೆ ಮೋಟರು ಬೇಡ ಬಿಡಿ ಅಂದಳು. ಇವನು ಮತ್ತೆ ಬಿಟ್ಟ. ಒಂದು ತಿಂಗಳು ಅವನ ಒಂದು ಅಂಗಿಗೂ ಮೇಲಿನ ಗುಂಡಿ ಇರಲಿಲ್ಲ. ಮೂರನೇ ಸಲದ ಹೊತ್ತಿಗೆ ಜಾಣನಾದ. (ತಡವಾಯಿತು ಅನ್ನಬೇಡಿ. ಇಷ್ಟೂ ಕಲಿಯದೆ ಕಣ್ಣು ಮುಚ್ಚಿದ ಗಂಡಂದಿರು ಎಷ್ಟೋ ಜನ ಇದ್ದಾರೆ.)

ಕಂಬಣ್ಣ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಕೇಬಲ್ ಕಂಪನಿಯಲ್ಲಿ ಲೈನ್‌ಮನ್ ಆಗಿ ಹದಿನೈದು ವರ್ಷ ಕಂಬ ಹತ್ತಿ ಇಳಿದದ್ದಕ್ಕೆ ಊರು ಕೊಟ್ಟ ಬಿರುದು. ಮಾತು ಕಮ್ಮಿ. ಕಂಬದ ತುದಿಯಲ್ಲಿ ಮಾತಾಡುವುದಾದರೂ ಯಾರ ಹತ್ತಿರ? ಮನೆಯ ಮುಂದಿನ ಕೋಣೆಯಲ್ಲಿ ಅವನ ಹೆಂಡತಿ ಬಟ್ಟೆ ಹೊಲಿಯುತ್ತಿದ್ದಳು. ಅವಳನ್ನು ಎಲ್ಲರೂ ಟೈಲರಮ್ಮ ಅನ್ನುತ್ತಿದ್ದರು. ಮಿಷನ್ನಿನ ಮೇಲಿನ ಗೋಡೆಗೆ ಕಟ್ಟು ಹಾಕಿಸಿದ ಒಂದು ಪ್ರಶಸ್ತಿಪತ್ರ ತೂಗುತ್ತಿತ್ತು. ಎರಡು ತಿಂಗಳ ಹಿಂದೆ ನಲವತ್ತೇಳನೇ ಕಂಬದಿಂದ ಜಾರಿ ಪ್ಯಾಂಟು ಹರಿದುಕೊಂಡ ಕಂಬಣ್ಣನಿಗೆ ಕಂಪನಿ ಮೂರು ದಿನ ರಜೆ, ಹೊಸ ಪ್ಯಾಂಟು, ಮೇಲೊಂದು "ಕರ್ತವ್ಯವೀರ" ಪತ್ರ ಕೊಟ್ಟಿತ್ತು. ಆ ಪ್ರಸಂಗದ ಬಗ್ಗೆ ಯಾರು ಎಷ್ಟು ಕೇಳಿದರೂ ಕಂಬಣ್ಣ ಬಾಯಿ ಬಿಡುತ್ತಿರಲಿಲ್ಲ. ಜನ ಅದನ್ನು ವಿನಯ ಅಂದುಕೊಂಡಿದ್ದರು.

ಹೀಗಿರುವಾಗ ಊರಿನ ಟಿವಿ ಸ್ಟೇಷನ್ನಿನಿಂದ ಟೈಲರಮ್ಮನಿಗೆ ಕರೆ ಬಂತು. ಕಾರ್ಯಕ್ರಮದ ಹೆಸರು "ಹರಿದದ್ದು ಹೊಸದು". ಹಳೇ ಬಟ್ಟೆಯಿಂದ ಹೊಸ ವಸ್ತು ಹೊಲಿದು ತೋರಿಸಬೇಕು. ಭಾನುವಾರ ಹನ್ನೊಂದು ಗಂಟೆಗೆ ಬರುತ್ತದೆ. ಅವಳು ಹೋಗಿ ಅರ್ಧ ಗಂಟೆ ರೆಕಾರ್ಡ್ ಮಾಡಿಸಿ ಬಂದಳು. ಬಂದವಳ ಮುಖ ಬಿಳುಚಿಕೊಂಡಿತ್ತು.

"ಹೇಗಾಯ್ತು?" ಅಂದ ಕಂಬಣ್ಣ.

"ಆಯ್ತು."

"ಏನು ಹೊಲಿದೆ?"

"ಬಟ್ಟೆ."

ದಿನಾ ತಾನು ಕೊಡುವ ಉತ್ತರ ತನಗೇ ವಾಪಸ್ ಬಂದಾಗ ಎಷ್ಟು ಕಷ್ಟ ಅಂತ ಕಂಬಣ್ಣನಿಗೆ ಅವತ್ತು ಗೊತ್ತಾಯಿತು.

ಶುಕ್ರವಾರ ಬೆಳಿಗ್ಗೆ ಆಫೀಸಿನಲ್ಲಿ ಮ್ಯಾನೇಜರು ಎಲ್ಲರನ್ನೂ ನಿಲ್ಲಿಸಿಕೊಂಡರು. ಮ್ಯಾನೇಜರಿಗೆ ಬಿಪಿ. ಕೋಪ ಬಂದರೆ ಮೊದಲು ಕಿವಿ ಕೆಂಪಾಗುತ್ತದೆ. ಅವತ್ತು ಎರಡು ಕಿವಿಯೂ ಕೆಂಪಾಗಿದ್ದವು.

"ಆ ಸ್ಟೇಷನ್ನಿನವರು ತಲೆ ಮೇಲೆ ಕೂತಿದಾರೆ ಕಣ್ರೀ! ಮನೆಗೆ ಇಷ್ಟು ಅಂತ ತಿಂಗಳಾ ತಿಂಗಳಾ ನಾವು ಅವರಿಗೆ ಕೊಡಬೇಕಂತೆ! ಅವರನ್ನ ಮನೆಮನೆಗೆ ಹೊತ್ತುಕೊಂಡು ಹೋಗಿ ಮುಟ್ಟಿಸೋರು ನಾವು. ನ್ಯಾಯವಾಗಿ ಅವರೇ ನಮಗೆ ಕೂಲಿ ಕೊಡಬೇಕು!"

"ಹೌದು ಸಾರ್," ಅಂದರು ಎಲ್ಲರೂ. ಕಂಬಣ್ಣ ತಲೆ ಮಾತ್ರ ಆಡಿಸಿದ.

"ಊರಿನ ಸುದ್ದಿ ನೋಡೋಕೇ ಜನ ಕೇಬಲ್ ಹಾಕಿಸ್ಕೊಳ್ಳೋದು ಅಂತಾರೆ. ನೋಡೇ ಬಿಡೋಣ. ಇವತ್ತು ಹನ್ನೆರಡು ಗಂಟೆಗೆ ಅವರ ಚಾನೆಲ್ ಬಂದ್. ಕಂಬಣ್ಣ, ನೀವೇ ವೈರ್ ಕಿತ್ತುಬಿಡಿ."

ಕಂಬಣ್ಣ ಬೆರಳು ಮಡಚಿ ಎಣಿಸಿದ. ಭಾನುವಾರಕ್ಕೆ ಎರಡೇ ದಿನ. "ಸಾರ್, ಸೋಮವಾರ ಕಿತ್ತರೆ ಆಗಲ್ವಾ?" ಅಂದ. ಹದಿನೈದು ವರ್ಷದಲ್ಲಿ ಆಫೀಸಿನಲ್ಲಿ ಅವನು ಆಡಿದ ಅತಿ ಉದ್ದದ ಮಾತು ಅದು. ಮ್ಯಾನೇಜರ ಕಿವಿ ಇನ್ನೊಂದು ಸುತ್ತು ಕೆಂಪಾದದ್ದು ನೋಡಿ ಸುಮ್ಮನಾದ. ಹನ್ನೆರಡಕ್ಕೆ ಸರಿಯಾಗಿ ಹೆಂಡತಿಯ ಚಾನೆಲ್ಲಿನ ವೈರನ್ನು ತನ್ನ ಕೈಯಾರೆ ಕಿತ್ತ.

ಊರೆಲ್ಲಾ ಟಿವಿ ಕಪ್ಪಾಯಿತು. ಕಪ್ಪಿನ ಮೇಲೆ ಬಿಳಿ ಅಕ್ಷರ: "ಸ್ಟೇಷನ್ನಿನವರ ದುರಾಸೆಯಿಂದಾಗಿ ಈ ಚಾನೆಲ್ ಲಭ್ಯವಿಲ್ಲ." ಸ್ಟೇಷನ್ನಿನವರೂ ಸುಮ್ಮನೆ ಕೂರಲಿಲ್ಲ. ಆಟೋಗೆ ಮೈಕು ಕಟ್ಟಿ, "ಕೇಬಲ್ಲಿನವರ ದುರಾಸೆಯಿಂದಾಗಿ ನಾವು ಕಾಣುತ್ತಿಲ್ಲ, ಮಾಳಿಗೆ ಮೇಲೆ ಆಂಟೆನಾ ಹಾಕಿ ಪುಕ್ಕಟೆ ನೋಡಿ" ಅಂತ ಬೀದಿಬೀದಿಯಲ್ಲಿ ಕೂಗಿಸಿದರು. ಆಂಟೆನಾ ಎಲ್ಲಿದೆ? ಇದ್ದಬದ್ದ ಆಂಟೆನಾಗಳ ಮೇಲೆ ಜನ ಎಂದೋ ಬಟ್ಟೆ ಒಣಗಹಾಕಿದ್ದರು.

ಸಂಜೆ ಕಂಬಣ್ಣ ಚಪ್ಪಲಿಯ ಸದ್ದಾಗದ ಹಾಗೆ ಮನೆಗೆ ಬಂದ. ಟೈಲರಮ್ಮ ಮಿಷನ್ ತುಳಿಯುತ್ತಾ ಹಾಡು ಗುನುಗುತ್ತಿದ್ದಳು. ಪಾತ್ರೆ ಬಡಿದಿದ್ದರೆ ತಡೆಯಬಹುದಿತ್ತು. ಇದು ಹಾಡು!

"ನಿನ್ನ ಕಾರ್ಯಕ್ರಮ..." ಅಂದ.

"ಗೊತ್ತಾಯ್ತು ರೀ. ಬರಲ್ವಂತೆ. ಹೋಗಲಿ ಬಿಡಿ."

"ವೈರ್ ಕಿತ್ತಿದ್ದು ನಾನೇ."

"ಒಳ್ಳೇದೇ ಮಾಡಿದ್ರಿ. ನಿಮ್ಮ ಮ್ಯಾನೇಜರು ನೂರು ವರ್ಷ ಬಾಳಲಿ. ಅವರ ಹೊಟ್ಟೆ ತಣ್ಣಗಿರಲಿ."

ಇಂಥ ಘೋರ ಶಾಪವನ್ನು ಕಂಬಣ್ಣ ಹುಟ್ಟಿದಾಗಿನಿಂದ ಕೇಳಿರಲಿಲ್ಲ.

"ಏನಾದ್ರೂ ಉಪಾಯ ಮಾಡ್ತೀನಿ," ಅಂದ.

ಮಿಷನ್ ಗಕ್ಕನೆ ನಿಂತಿತು. "ಏನೂ ಬೇಡ ಬಿಡಿ! ನಿಮ್ಮ ದಮ್ಮಯ್ಯ, ನಿಮ್ಮ ಕೆಲಸ ನೀವು ನೋಡ್ಕೊಳ್ಳಿ."

ಕಂಬಣ್ಣ ಲೆಕ್ಕ ಹಾಕಿದ. ಒಂದು "ಬೇಡ ಬಿಡಿ"ಗೇ ತಿಂಗಳಿಡೀ ಗುಂಡಿಯಿಲ್ಲದ ಅಂಗಿ ತೊಟ್ಟವನು ಅವನು. ಇದರ ಜೊತೆ ದಮ್ಮಯ್ಯ ಬೇರೆ ಸೇರಿದೆ. ಅಂದರೆ ಪ್ರಾಣ ಹೋದರೂ ಆ ಕಾರ್ಯಕ್ರಮ ಬರಲೇಬೇಕು. ನೌಕರಿ ಹೋದರೆ ಹೋಗಲಿ.

ಶನಿವಾರವೆಲ್ಲಾ ಯೋಚಿಸಿದ. ಕಂಪನಿಯ ಸಾಲಿನಲ್ಲಿ ಕಟ್ಟಕಡೆಯದು ತೊಂಬತ್ತೊಂಬತ್ತನೇ ಚಾನೆಲ್. ಅದರಲ್ಲಿ ಹಗಲೂ ರಾತ್ರಿ ಒಂದು ಗಾಜಿನ ತೊಟ್ಟಿ, ತೊಟ್ಟಿಯೊಳಗೆ ಎರಡು ಕೆಂಪು ಮೀನು. ಬೇರೇನೂ ಇಲ್ಲ. ಮ್ಯಾನೇಜರು ಅದನ್ನು ಯಾಕೆ ಹಾಕಿಸಿದರೋ ಯಾರಿಗೂ ಗೊತ್ತಿರಲಿಲ್ಲ. ನೋಡುವವರಂತೂ ಇಲ್ಲವೇ ಇಲ್ಲ ಅಂತ ಕಂಬಣ್ಣನ ಖಾತ್ರಿ. ಒಮ್ಮೆ ವಾರವಿಡೀ ಮೀನು ತಲೆಕೆಳಗಾಗಿ ಈಜಿದಾಗ ಒಂದೇ ಒಂದು ದೂರು ಬಂದಿತ್ತು, ಅದೂ ಹೆಸರು ಹೇಳದವರಿಂದ.

ಭಾನುವಾರ ಹತ್ತೂವರೆಗೆ ಕಂಟ್ರೋಲ್ ರೂಮಿನಲ್ಲಿ ಯಾರೂ ಇರಲಿಲ್ಲ. ಕಂಬಣ್ಣ ಮೀನಿನ ವೈರ್ ತೆಗೆದು, ಅದರ ಜಾಗಕ್ಕೆ ಸ್ಟೇಷನ್ನಿನ ವೈರ್ ಚುಚ್ಚಿದ. ಅತ್ತೆಗೆ ಫೋನು ಮಾಡಿದ.

"ಅತ್ತೇ, ತೊಂಬತ್ತೊಂಬತ್ತು ಹಾಕಿ. ಮಗಳು ಬರ್ತಾಳೆ. ಯಾರಿಗೂ ಹೇಳಬೇಡಿ, ನನ್ನ ಕೆಲಸ ಹೋಗತ್ತೆ."

"ಅಯ್ಯೋ ಅಳಿಯಂದ್ರೇ, ನಾನ್ಯಾಕೆ ಹೇಳಲಿ? ನನ್ನ ಬಾಯಿಗೆ ಬೀಗ!"

(ಆಮೇಲೆ ಗೊತ್ತಾದದ್ದು: ಅತ್ತೆ ಬರೀ ಮೂರು ಜನಕ್ಕೆ ಹೇಳಿದರು. ಮೂವರಿಗೂ ಬಾಯಿಗೆ ಬೀಗ ಹಾಕಿಸಿಯೇ ಹೇಳಿದರು. ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಊರಿನ ಒಂದು ಟಿವಿಯಲ್ಲೂ ಬೇರೆ ಚಾನೆಲ್ ಇರಲಿಲ್ಲ.)

ಕಂಬಣ್ಣ ಏದುಸಿರು ಬಿಡುತ್ತಾ ಮನೆಗೆ ಓಡಿ ಬಂದು ಹೆಂಡತಿಯನ್ನು ಟಿವಿ ಮುಂದೆ ಕೂರಿಸಿ, ರಿಮೋಟಿನಲ್ಲಿ ತೊಂಬತ್ತೊಂಬತ್ತು ಒತ್ತಿದ.

"ಏನ್ರೀ ಇದು? ಮೀನು ನೋಡೋಕೆ ಕರೆದ್ರಾ?"

"ನೋಡ್ತಿರು," ಅಂದ. ಜನ್ಮದಲ್ಲಿ ಮೊದಲ ಸಲ ಹೆಂಡತಿಗೊಂದು ಆಶ್ಚರ್ಯ ಕೊಡುವ ಗಂಡಸಿನ ಎದೆ ಎಷ್ಟು ಉಬ್ಬಬೇಕೋ ಅಷ್ಟೂ ಉಬ್ಬಿತ್ತು.

ಸಂಗೀತ ಬಂತು. ಹೆಸರು ಬಂತು. ಟೈಲರಮ್ಮ ಬಂದಳು, ಟಿವಿಯಲ್ಲಿ. ಕುರ್ಚಿಯಲ್ಲಿದ್ದ ಟೈಲರಮ್ಮ ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡಳು.

"ಇದು ಹೇಗೆ ಬಂತು ರೀ?"

"ನಾನೇ ಬರಿಸಿದ್ದು. ಊರಿಗೆಲ್ಲಾ ಬರ್ತಿದೆ!"

"ಊರಿಗೆಲ್ಲಾ?" ಅವಳು ಕುರ್ಚಿಯಿಂದ ಎದ್ದಳು. "ಆರಿಸ್ರೀ. ಮೊದಲು ಆರಿಸಿ!"

ಸಂತೋಷ ತಡೆಯಲಾರದೆ ಹೀಗನ್ನುತ್ತಾಳೆ ಅಂದುಕೊಂಡ ಕಂಬಣ್ಣ ದನಿ ಇನ್ನೂ ಜೋರು ಮಾಡಿದ.

ಟಿವಿಯ ಟೈಲರಮ್ಮ ಮೇಜಿನ ಕೆಳಗಿಂದ ಒಂದು ಪ್ಯಾಂಟು ಎತ್ತಿ ತೋರಿಸಿದಳು. ಖಾಕಿ ಪ್ಯಾಂಟು. ಹಿಂದಿನ ಜೇಬಿನ ಮೇಲೆ ಹಳದಿ ನಕ್ಷತ್ರ, ಕಂಪನಿಯ ಗುರುತು. ಕೂರುವ ಜಾಗದಲ್ಲಿ ಈ ತುದಿಯಿಂದ ಆ ತುದಿಗೆ ಸೀಳು. ಕ್ಯಾಮೆರಾ ಹತ್ತಿರ ಹೋಯಿತು. ಇನ್ನೂ ಹತ್ತಿರ ಹೋಯಿತು. ಕಂಬಣ್ಣನ ಕೈಯಿಂದ ರಿಮೋಟು ಕೆಳಗೆ ಬಿತ್ತು.

"ಇದು ನಮ್ಮನೆಯವರದು," ಅಂದಳು ಟಿವಿಯವಳು, ನಗುತ್ತಾ. "ಇದರಿಂದ ಇವತ್ತು ತರಕಾರಿ ಚೀಲ ಹೊಲಿಯೋಣ. ಹೇಗೆ ಹರೀತು ಅಂತೀರಾ? ಆಫೀಸಿನಲ್ಲಿ ಕಂಬ ಜಾರಿತು ಅಂತ ಹೇಳಿದಾರೆ. ಕಂಬ ಅಲ್ಲ, ಜಿರಳೆ! ಅಡುಗೆಮನೇಲಿ ಒಂದು ಜಿರಳೆ ಹಾರಿತು ನೋಡಿ, ಇಷ್ಟುದ್ದ ಕಂಬ ಹತ್ತೋ ಮನುಷ್ಯ ಒಂದೇ ನೆಗೆತಕ್ಕೆ ಊಟದ ಮೇಜಿನ ಮೇಲೆ! ಪ್ಯಾಂಟು ಪರ್ ಅಂತು. ಜಿರಳೆ ಹೋಗಿ ಅರ್ಧ ಗಂಟೆ ಆದ್ರೂ ಇಳೀಲಿಲ್ಲ. ಆಮೇಲೆ ಹೇಗೆ ಇಳಿಸಿದೆ ಗೊತ್ತಾ? ನಾನು..."

ಟಿವಿ ಕಪ್ಪಾಯಿತು. ಒಂದು ನಿಮಿಷ ಬಿಟ್ಟು ಎರಡು ಕೆಂಪು ಮೀನು ಬಂದವು.

ಪಕ್ಕದ ಮನೆಯಿಂದ ನಗು ಕೇಳುತ್ತಿತ್ತು. ಎದುರು ಮನೆಯಿಂದಲೂ.

"ಯಾಕೆ ಹೇಳಿದೆ?" ಅಂದ ಕಂಬಣ್ಣ.

"ಲೈಟು ಹಾಕಿ, ಮಾತಾಡಿ ಮಾತಾಡಿ ಅಂತಿದ್ರು ರೀ. ಬಾಯಿಗೆ ಬಂದದ್ದು ಹೇಳಿಬಿಟ್ಟೆ. ಕತ್ತರಿಸ್ತಾರೆ ಅಂದ್ಕೊಂಡೆ. ಇದೇ ಚೆನ್ನಾಗಿದೆ ಅಂದ್ರು. ಅವತ್ತಿಂದ ನಿದ್ದೆ ಮಾಡಿಲ್ಲ. ಚಾನೆಲ್ ಬಂದ್ ಆಯ್ತು ಅಂದಾಗ ಹೋದ ಜೀವ ಬಂತು. ಬೇಡ ಬಿಡಿ ಅಂತ ಬಾಯಿ ಬಿಟ್ಟು ಹೇಳಿದೆನಲ್ಲ!"

"ನೀನು ಬೇಡ ಅಂದ್ರೆ ಬೇಕು ಅಂತ ಅಲ್ವಾ?"

"ಅವತ್ತು ಬೇಡ ಅಂದ್ರೆ ಬೇಡ ಅಂತಾನೇ!"

ಹನ್ನೆರಡು ವರ್ಷದ ವಿದ್ಯೆ ಒಂದೇ ಮಾತಿನಲ್ಲಿ ನೀರುಪಾಲಾಯಿತು.

ಸೋಮವಾರ ಕಂಬಣ್ಣ ಕಂಪನಿಯ ಬೂಟು, ಹಗ್ಗ, ಬೆಲ್ಟು ಎಲ್ಲ ಒಂದು ಚೀಲಕ್ಕೆ ತುಂಬಿಕೊಂಡು ಆಫೀಸಿಗೆ ಹೋದ. ಹೇಗಿದ್ದರೂ ವಾಪಸ್ ಕೇಳುತ್ತಾರೆ. ಮ್ಯಾನೇಜರು ಎರಡೂ ಕಿವಿಗೆ ಒದ್ದೆ ಕರವಸ್ತ್ರ ಒತ್ತಿಕೊಂಡು ಕೂತಿದ್ದರು.

"ಡಾಕ್ಟರು ದಿನಾ ಅರ್ಧ ಗಂಟೆ ಮೀನು ನೋಡಿ ಅಂದಿದಾರೆ ಕಣ್ರೀ, ಬಿಪಿಗೆ. ಮನಸ್ಸಿಗೆ ಶಾಂತಿ ಆಗತ್ತಂತೆ. ಭಾನುವಾರ ಹನ್ನೊಂದಕ್ಕೆ ಶಾಂತಿಯಾಗಿ ಕೂತೆ. ಏನು ಬಂತು?"

"ಪ್ಯಾಂಟು ಸಾರ್."

"ನಮ್ಮ ಕಂಪನಿ ಪ್ಯಾಂಟು! ಬನಿಯನ್ನಲ್ಲಿ ಓಡಿ ಬಂದು ವೈರ್ ಕಿತ್ತೆ ಕಣ್ರೀ ನಾನು!" ಮ್ಯಾನೇಜರು ಫೋನಿನ ಕಡೆ ಕೈ ತೋರಿಸಿದರು. ಅದು ಬಡಿದುಕೊಳ್ಳುತ್ತಲೇ ಇತ್ತು. "ನಿನ್ನೆಯಿಂದ ಹೀಗೇ. ಚಾನೆಲ್ ಬಂದ್ ಮಾಡಿದಾಗ ಹತ್ತು ಜನ ಕೇಳಿದ್ರು. ಈಗ ಊರಿಗೆ ಊರೇ ಕೇಳ್ತಿದೆ. ಏನು ಕೇಳ್ತಾರೆ ಗೊತ್ತಾ?"

"ಇಲ್ಲ ಸಾರ್."

"ಕಂಬಣ್ಣ ಮೇಜಿಂದ ಹೇಗೆ ಇಳಿದ ಅಂತ!"

ಕಂಬಣ್ಣ ನೆಲ ನೋಡಿದ. ನೆಲ ಬಾಯಿ ಬಿಡಲಿಲ್ಲ.

ಸ್ಟೇಷನ್ನಿನವರು ಬೆಳಿಗ್ಗೆಯೇ ಬಂದು ಕೂತಿದ್ದರಂತೆ. ನೀವು ಬೇಡ ಅಂದ ಚಾನೆಲ್ಲನ್ನೇ ನೀವು ಕದ್ದು ತೋರಿಸಿದ್ದೀರಿ, ಜನ ಬೇಕು ಅನ್ನುತ್ತಿದ್ದಾರೆ, ಇನ್ನೇನು ಹೇಳುತ್ತೀರಿ ಅಂದರಂತೆ. ಅವರು ಕೇಳಿದಷ್ಟಕ್ಕೂ ಮ್ಯಾನೇಜರು ಸಹಿ ಹಾಕಿದ್ದಾಯಿತು. ಸಂಜೆ ಆರಕ್ಕೆ ಚಾನೆಲ್ ವಾಪಸ್. ಮೊದಲ ಕಾರ್ಯಕ್ರಮ "ಹರಿದದ್ದು ಹೊಸದು", ಮೊದಲಿಂದ ಕೊನೆಯವರೆಗೆ, ಪೂರ್ತಿ.

"ನನ್ನ ಕೆಲಸ ಸಾರ್?" ಅಂದ ಕಂಬಣ್ಣ, ಚೀಲ ಮುಂದಿಡುತ್ತಾ.

"ತೆಗೆಯೋಣ ಅಂತಲೇ ಇದ್ದೆ. ಸ್ಟೇಷನ್ನಿನವರು ಕಾಗದದಲ್ಲಿ ಅದನ್ನೂ ಬರೆಸಿದಾರೆ, ತೆಗೀಬಾರದಂತೆ. ನೀವು ಅವರಿಗೆ ಮಾಡಿದ ಉಪಕಾರ ಅವರ ವಕೀಲರೂ ಮಾಡಿಲ್ಲವಂತೆ." ಮ್ಯಾನೇಜರು ಕರವಸ್ತ್ರ ಹಿಂಡಿದರು. "ಮೂರು ದಿನದ ರಜೆ ಸಂಬಳದಲ್ಲಿ ಹಿಡೀತೀನಿ. ಆ ಕರ್ತವ್ಯವೀರ ಪತ್ರ ವಾಪಸ್ ತನ್ನಿ. ಆರು ಗಂಟೆಗೆ ವೈರ್ ನೀವೇ ಚುಚ್ಚಿ."

ಆರು ಗಂಟೆಗೆ ಕಂಬಣ್ಣ ತನ್ನ ಕೈಯಾರೆ ವೈರ್ ಚುಚ್ಚಿದ. ಹೆಂಡತಿ ತನ್ನ ಸೆರಗಿನಿಂದ ಅವನ ತಲೆಗೆ ಮುಸುಕು ಹಾಕಿ, ಬೆನ್ನ ಮೇಲೆ ಹೊತ್ತುಕೊಂಡು ಅಡುಗೆಮನೆ ದಾಟಿಸಿದ ಕಥೆಯನ್ನು ಊರು ಕಣ್ಣು ತುಂಬಾ ನೋಡಿತು.

ಆ ವಾರವೆಲ್ಲಾ ಅವನು ರಿಪೇರಿಗೆ ಹೋದ ಮನೆಗಳಲ್ಲಿ ಬಾಗಿಲು ತೆರೆದವರು ಒಂದೇ ಮಾತು ಹೇಳುತ್ತಿದ್ದರು: "ಬನ್ನಿ ಕಂಬಣ್ಣಾ, ಹೆದರಬೇಡಿ. ಎಲ್ಲಾ ಕಡೆ ಔಷಧಿ ಹೊಡೆಸಿದೀವಿ."

ಶನಿವಾರ ಸಂಜೆ ಟೈಲರಮ್ಮ ಮಿಷನ್ ತುಳಿಯುತ್ತಿದ್ದಳು. ಗೋಡೆಯ ಮೇಲೆ ಪತ್ರ ಇದ್ದ ಜಾಗ ಬೆಳ್ಳಗೆ ಚೌಕವಾಗಿ ಕಾಣುತ್ತಿತ್ತು.

"ರೀ, ಸ್ಟೇಷನ್ನಿನವರು ಮತ್ತೆ ಫೋನ್ ಮಾಡಿದ್ರು," ಅಂದಳು, ತಲೆ ಎತ್ತದೆ. "ನಾಳೆ ಜೋಡಿಯಾಗಿ ಬನ್ನಿ ಅಂತಿದಾರೆ. ನೀವು ಸುಮ್ಮನೆ ಪಕ್ಕದಲ್ಲಿ ಕೂತರೆ ಸಾಕಂತೆ. ನಿಮಗೆ ಕಷ್ಟ ಆದ್ರೆ ಬೇಡ ಬಿಡಿ."

ಕಂಬಣ್ಣ ನಿಂತಲ್ಲೇ ನಿಂತ. ಅವಳ ಮುಖ ನೋಡಿದ. ಅಡುಗೆಮನೆಯ ಪಾತ್ರೆಗಳ ಕಡೆ ನೋಡಿದ. ತನ್ನ ಅಂಗಿಯ ಮೇಲಿನ ಗುಂಡಿ ಮುಟ್ಟಿ ನೋಡಿಕೊಂಡ.

"ಇದು ಹಳೇ ಬೇಡಾನಾ, ಹೊಸ ಬೇಡಾನಾ?" ಅಂದ.

ಟೈಲರಮ್ಮ ಹಲ್ಲಿನಲ್ಲಿ ದಾರ ಕಡಿದಳು.

ಕಂಬಣ್ಣ ಒಳಗೆ ಹೋಗಿ ಇಸ್ತ್ರಿ ಪೆಟ್ಟಿಗೆ ಬಿಸಿಗಿಟ್ಟ. ಯಾವುದಕ್ಕೂ ಇರಲಿ ಅಂತ.