ಎಳೆಯಬಲ್ಲದು, ಹೊರಲಾರದು

ತನ್ನ ಪಿಕಪ್ ಟ್ರಕ್ ಹನ್ನೊಂದು ಸಾವಿರ ಪೌಂಡ್ ಎಳೆಯುತ್ತದೆ ಎಂದು ವೆಂಡೆಲ್ ಕ್ರೂಗರ್ ಹೇಳದೆ ಬಿಟ್ಟ ಮನುಷ್ಯ ನೆಬ್ರಾಸ್ಕಾದ ಆ ಸಣ್ಣ ಊರಲ್ಲಿ ಉಳಿದಿರಲಿಲ್ಲ. ಪಾದ್ರಿಗೆ ಹೇಳಿದ್ದ. ಕ್ಷೌರದವನಿಗೆ ಹೇಳಿದ್ದ. ಹಲ್ಲು ಕೀಳಿಸಿಕೊಳ್ಳುವಾಗ ಬಾಯಲ್ಲಿ ಹತ್ತಿ ಕಚ್ಚಿಕೊಂಡೇ ದಂತವೈದ್ಯರಿಗೂ ಹೇಳಿದ್ದ. ಅಂಥವನು ಮೂವತ್ತೆರಡು ಅಡಿ ಉದ್ದದ ಟ್ರೈಲರ್ ಮನೆಯೊಂದನ್ನು ಕೊಂಡು ತಂದು ಅಂಗಳದಲ್ಲಿ ನಿಲ್ಲಿಸಿದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ.

"ನಲವತ್ತು ವರ್ಷದಿಂದ ಬ್ಲ್ಯಾಕ್ ಹಿಲ್ಸ್ ಬೆಟ್ಟ ತೋರಿಸ್ತೀನಿ ಅಂತಿದ್ದೆನಲ್ಲ, ಈ ಸಲ ಮನೆ ಸಮೇತ ಕರ್ಕೊಂಡು ಹೋಗ್ತೀನಿ" ಎಂದ ಹೆಂಡತಿಗೆ.

ಅವನ ಹೆಂಡತಿ ಆರ್ಡಿತ್ ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ಪಾರ್ಸೆಲ್ ತೂಗಿದವಳು. "ಇದರ ತೂಕ ಎಷ್ಟು?" ಎಂದಳು.

"ಎಂಟು ಸಾವಿರ. ನಮ್ಮ ಟ್ರಕ್ಕಿಗೆ ಇದು ಗಾಳಿಪಟ."

ಹೊರಡುವ ದಿನ ಗಾಳಿಪಟವನ್ನು ಕೊಂಡಿಗೆ ಸಿಕ್ಕಿಸಿದ್ದೇ ತಡ, ಟ್ರಕ್ಕಿನ ಹಿಂಭಾಗ ಕುಸಿದು ಮೂತಿ ಆಕಾಶ ನೋಡಿತು. ಎಮ್ಮೆ ಕೆಸರಲ್ಲಿ ಕೂತ ಹಾಗೆ ಕೂತ ಟ್ರಕ್ಕನ್ನು ನೋಡಿ ವೆಂಡೆಲ್ ಕ್ಷಣವೂ ಎದೆಗುಂದಲಿಲ್ಲ. ಟ್ರೈಲರಿನ ಮುಂದಿದ್ದ ಡಬ್ಬಿ, ಪೆಟ್ಟಿಗೆ, ಬೀಡು ಕಬ್ಬಿಣದ ಬಾಣಲೆಗಳನ್ನೆಲ್ಲ ಹೊತ್ತು ಹಿಂಬದಿಗೆ ಸಾಗಿಸಿದ. ಟ್ರಕ್ ಎದ್ದು ನಿಂತಿತು.

"ನೋಡಿದ್ಯಾ? ತಲೆ ಬೇಕು."

ಊರು ದಾಟಿ ಆರು ಮೈಲಿ ಹೋಗುವಷ್ಟರಲ್ಲಿ ಎದುರಿನಿಂದ ಜೋಳ ತುಂಬಿದ ಲಾರಿಯೊಂದು ಭರ್ರನೆ ಹಾದುಹೋಯಿತು. ಅದರ ಗಾಳಿಗೆ ಟ್ರೈಲರ್ ಎಡಕ್ಕೆ ವಾಲಿತು, ಬಲಕ್ಕೆ ವಾಲಿತು, ಆಮೇಲೆ ಅದೇ ರುಚಿ ಹತ್ತಿ ನಿಲ್ಲಿಸಲೇ ಇಲ್ಲ. ಟ್ರಕ್ ಟ್ರೈಲರನ್ನು ಎಳೆಯುತ್ತಿದೆಯೋ, ಟ್ರೈಲರ್ ಟ್ರಕ್ಕನ್ನು ಅಲ್ಲಾಡಿಸುತ್ತಿದೆಯೋ ವೆಂಡೆಲ್‌ಗೆ ತಿಳಿಯಲಿಲ್ಲ. ಆರ್ಡಿತ್ ಕೈಚಾಚಿ ಟ್ರೈಲರಿನ ಬ್ರೇಕ್ ಗುಂಡಿಯನ್ನು ಒತ್ತಿ ಹಿಡಿದಳು. ಅದು ಗೊಣಗುತ್ತ ನೇರವಾಯಿತು. ವೆಂಡೆಲ್ ಗಾಡಿಯನ್ನು ರಸ್ತೆ ಬದಿಗೆ ನಿಲ್ಲಿಸಿದ.

"ಆ ಗುಂಡಿ ನಿನಗೆ ಹೇಗೆ ಗೊತ್ತು?"

"ಪುಸ್ತಕ ಕೊಟ್ಟಿದ್ರಲ್ಲ, ಓದಿದೆ."

ಹತ್ತಿರದಲ್ಲೇ ಧಾನ್ಯದ ಉಗ್ರಾಣವಿತ್ತು, ಅಲ್ಲೊಂದು ಲಾರಿ ತೂಗುವ ವೇಬ್ರಿಡ್ಜ್ ಇತ್ತು. ಅದನ್ನು ನೋಡಿಕೊಳ್ಳುವ ಡೆಲ್ಬರ್ಟ್‌ಗೆ ಹನ್ನೊಂದು ಸಾವಿರದ ಕಥೆ ಬಾಯಿಪಾಠವಾಗಿತ್ತು. ಹಿಂದೆ ಭಾರವಾದರೆ ಟ್ರೈಲರ್ ಓಲಾಡುತ್ತದೆ ಎಂದು ಅವನು ಮೊದಲು ಸಾಮಾನನ್ನೆಲ್ಲ ಮತ್ತೆ ಮುಂದಕ್ಕೆ ಹೊರಿಸಿದ. ಟ್ರಕ್ಕನ್ನು ಒಂಟಿಯಾಗಿ ಒಮ್ಮೆ, ಟ್ರೈಲರಿನ ಮೂತಿ ಹೊರಿಸಿ ಇನ್ನೊಮ್ಮೆ ತೂಗಿದ. ಆಮೇಲೆ ಟ್ರಕ್ಕಿನ ಬಾಗಿಲು ತೆಗೆದು ಒಳಅಂಚಿನ ಚೀಟಿ ತೋರಿಸಿದ.

"ಇದನ್ನ ಯಾವತ್ತಾದ್ರೂ ಓದಿದ್ಯಾ? ಜನ, ಸಾಮಾನು ಎಲ್ಲ ಸೇರಿ ಸಾವಿರದ ನಾನೂರ ಎಂಬತ್ತು."

"ಹನ್ನೊಂದು ಸಾವಿರ..."

"ಅದು ಎಳೆಯೋದು ಮಾರಾಯ. ಇದು ಹೊರೋದು. ಕತ್ತೆ ಗಾಡಿ ಎಳೀತದೆ ಅಂತ ಗಾಡೀನೇ ಬೆನ್ನ ಮೇಲೆ ಇಟ್ರೆ? ನಿನ್ನ ಟ್ರೈಲರಿನ ಮೂತಿ, ಕೊಂಡಿ ಸೇರಿದ್ರೇ ಒಂದು ಸಾವಿರದ ನೂರ ಎಂಬತ್ತು ಆಯ್ತು."

"ಉಳಿದದ್ದು ಮುನ್ನೂರು" ಎಂದಳು ಆರ್ಡಿತ್, ಕಣ್ಣು ಮಿಟುಕಿಸದೆ. "ನಾನು ನೂರ ನಲವತ್ತೈದು. ಇವನು ಇನ್ನೂರ ಎಪ್ಪತ್ತೈದು."

"ಇನ್ನೂರ ಅರವತ್ತು" ಎಂದ ವೆಂಡೆಲ್.

"ವೇಬ್ರಿಡ್ಜ್ ಇಲ್ಲೇ ಇದೆ" ಎಂದ ಡೆಲ್ಬರ್ಟ್. ವೆಂಡೆಲ್ ಇನ್ನೂರ ಎಪ್ಪತ್ತೈದಕ್ಕೆ ಒಪ್ಪಿದ.

ನೂರ ಇಪ್ಪತ್ತು ಪೌಂಡ್ ಹೆಚ್ಚು. ಟ್ರಕ್ಕಿನ ಹಿಂದೆ ಪೇರಿಸಿದ ಸೌದೆ, ಜನರೇಟರ್ ಇನ್ನೂ ಲೆಕ್ಕಕ್ಕೇ ಬಂದಿರಲಿಲ್ಲ. ವೆಂಡೆಲ್ ಅವನ್ನು ಇಳಿಸಿದ. ಟ್ರಕ್ಕಿನ ಹಿಂಬಾಗಿಲನ್ನೂ ಬಿಚ್ಚಿದ.

"ಇನ್ನೂ ಅರವತ್ತು ಹೆಚ್ಚು" ಎಂದಳು ಆರ್ಡಿತ್.

"ನನ್ನ ಬೂಟು?"

"ನಾಲ್ಕು."

"ಬೆಳಿಗ್ಗೆ ತಿಂಡಿ ತಿನ್ನಬಾರದಾಗಿತ್ತು."

"ಅದು ಬೂಟಿಗಿಂತ ಜಾಸ್ತಿ."

ಬರಿಗಾಲಲ್ಲಿ ನಿಂತು ವೆಂಡೆಲ್ ಕೊನೆಯ ಅಸ್ತ್ರ ತೆಗೆದ. "ನಾನು ಟ್ರೈಲರ್ ಒಳಗೆ ಮಲಗ್ತೀನಿ."

"ಕಾನೂನು ಬಿಡಲ್ಲ" ಎಂದ ಡೆಲ್ಬರ್ಟ್. "ಟ್ರಕ್ ಏನೋ ಎಳೀತದೆ ವೆಂಡೆಲ್. ಆದ್ರೆ ನಿಮ್ಮಿಬ್ಬರಲ್ಲಿ ಒಬ್ಬರು ಒಳಗಿರಬಾರದು."

ಇಬ್ಬರೂ ಆರ್ಡಿತ್ ಕಡೆ ನೋಡಿದರು. ಆರ್ಡಿತ್ ಗಂಡನ ಹೊಟ್ಟೆಯ ಕಡೆ ನೋಡಿದಳು.

"ಬ್ಲ್ಯಾಕ್ ಹಿಲ್ಸ್‌ಗೆ ನಲವತ್ತು ವರ್ಷ ಕಾದಿದ್ದೀನಿ ವೆಂಡೆಲ್. ಬೀಗದಕೈ ಕೊಡು."

ಹಿಂಬಾಗಿಲನ್ನು ಮತ್ತೆ ಸಿಕ್ಕಿಸಿ ಆರ್ಡಿತ್ ಟ್ರೈಲರ್ ಎಳೆದುಕೊಂಡು ಹೊರಟಳು. ಡೆಲ್ಬರ್ಟ್ ವೆಂಡೆಲ್‌ನನ್ನೂ ಇಳಿಸಿದ ಸಾಮಾನನ್ನೂ ಮನೆಗೆ ಬಿಟ್ಟ. ಅಲ್ಲಿಂದ ಅವನು ಆರ್ಡಿತ್‌ಳ ಪುಟ್ಟ ನೀಲಿ ಕಾರಿನಲ್ಲಿ, ಜನರೇಟರನ್ನು ಪಕ್ಕದ ಸೀಟಿಗೆ ಬೆಲ್ಟ್ ಬಿಗಿದು ಕೂರಿಸಿ, ಸೌದೆಯನ್ನು ಹಿಂದೆ ತುಂಬಿ, ನಿಧಾನವಾಗಿ ಹೋಗುತ್ತಿದ್ದ ಹೆಂಡತಿಯನ್ನು ದಾರಿಯಲ್ಲೇ ಹಿಡಿದು ಹಿಂಬಾಲಿಸಿದ. ಮುನ್ನೂರು ಮೈಲಿಯೂ ಅವನ ಕಣ್ಣಿಗೆ ಬಿದ್ದದ್ದು ತನ್ನದೇ ಟ್ರೈಲರಿನ ಬೆನ್ನು. ಅದು ಒಮ್ಮೆಯೂ ಅಲ್ಲಾಡಲಿಲ್ಲ. ಅದೇ ಅವನಿಗೆ ಎಲ್ಲಕ್ಕಿಂತ ನೋವಿನ ವಿಷಯ.

ಸಂಜೆ ಬ್ಲ್ಯಾಕ್ ಹಿಲ್ಸ್‌ನ ಕೆರೆಯೊಂದರ ದಂಡೆಯ ಬಿಡಾರದಲ್ಲಿ ಆರ್ಡಿತ್ ಎರಡು ಪೈನ್ ಮರಗಳ ನಡುವೆ ಮೂವತ್ತೆರಡು ಅಡಿಯನ್ನೂ ಒಂದೇ ಸಲಕ್ಕೆ ಹಿಮ್ಮುಖವಾಗಿ ತಂದು ನಿಲ್ಲಿಸಿದಳು. ಪಕ್ಕದ ಬಿಡಾರದ ಮುದುಕನೊಬ್ಬ ಟೋಪಿ ತೆಗೆದು ನೋಡಿದ. ಆಮೇಲೆ ಸೌದೆ ಇಳಿಸುತ್ತಿದ್ದ ವೆಂಡೆಲ್ ಬಳಿ ಬಂದು ದನಿ ತಗ್ಗಿಸಿದ.

"ಎಂಥ ಗಟ್ಟಿ ಹೆಂಗಸಪ್ಪ. ನೀವು ಅವರ ಸಾಮಾನು ತರೋರಾ?"

ವೆಂಡೆಲ್ ಸೌದೆ ಕೆಳಗಿಟ್ಟ.

"ತರೋನಲ್ಲ ಸ್ವಾಮಿ" ಎಂದ. "ಸಾಮಾನೇ ನಾನು."